ಇಪ್ಪತ್ತು ವರ್ಷ ಮುಂದಿದ್ದ ಹೆಡ್‌ಮಾಸ್ತರು

ನಮ್ಮ ದೊಡ್ಡಪ್ಪನನ್ನು ‘ಇವತ್ತು ಯಾವ ವಾರ?’ ಎಂದು ಮಾತ್ರ ಕೇಳಬಾರದಿತ್ತು. ಕೇಳಿದರೆ ಕಿಟಕಿಯ ಕಡೆ ನೋಡುತ್ತಿದ್ದರು, ಆಮೇಲೆ ದೊಡ್ಡಮ್ಮನ ಕಡೆ ನೋಡುತ್ತಿದ್ದರು, ದೊಡ್ಡಮ್ಮನೂ ಬಾಯಿ ಬಿಡದಿದ್ದರೆ ಕೆಮ್ಮುತ್ತಿದ್ದರು. ಆದರೆ ಇನ್ನು ಇಪ್ಪತ್ತು ವರ್ಷಕ್ಕೆ ದಾವಣಗೆರೆ ಹೇಗಿರುತ್ತದೆ ಎಂದು ಕೇಳಿದಿರೋ, ಕುರ್ಚಿ ಎಳೆದುಕೊಂಡು ಕೂತು ಎರಡು ತಾಸು ಹೇಳುತ್ತಿದ್ದರು. ಯಾವ ಓಣಿಯಲ್ಲಿ ಎಷ್ಟು ಅಂತಸ್ತಿನ ಮನೆ, ಯಾವ ಮನೆಯಲ್ಲಿ ಯಾವ ಯಂತ್ರ, ಆ ಯಂತ್ರದ ಯಾವ ಗುಂಡಿ ಒತ್ತಿದರೆ ರೊಟ್ಟಿ, ಯಾವುದು ಒತ್ತಿದರೆ ಪಲ್ಯ, ಎಲ್ಲ ಅವರಿಗೆ ಬಾಯಿಪಾಠ. ಒಮ್ಮೆ ಭಾನುವಾರ ಶಾಲೆಗೆ ಹೋಗಿ, ಪ್ರಾರ್ಥನೆಗೆ ಯಾರೂ ಬಾರದ್ದನ್ನು ಕಂಡು, ತಾವೊಬ್ಬರೇ ನಿಂತು ಹಾಡಿ ಮುಗಿಸಿ, ಮೇಷ್ಟ್ರುಗಳಿಗೆಲ್ಲ ‘ವಿವರಣೆ ಕೊಡತಕ್ಕದ್ದು’ ಎಂದು ಮೆಮೊ ಬರೆದಿಟ್ಟು ಬಂದಿದ್ದರು. ಮರುದಿನ ಹದಿನಾಲ್ಕು ಮೇಷ್ಟ್ರುಗಳೂ ಒಂದೇ ವಿವರಣೆ ಕೊಟ್ಟರು: ‘ನಿನ್ನೆ ಭಾನುವಾರವಾಗಿತ್ತು. ಕ್ಷಮಿಸಬೇಕು.’

ಕ್ಷಮಿಸಿದರು. ದೊಡ್ಡ ಮನಸ್ಸು.

ದೊಡ್ಡಪ್ಪ ದಾವಣಗೆರೆಯ ಒಂದು ಖಾಸಗಿ ಶಾಲೆಯ ಹೆಡ್‌ಮಾಸ್ತರರು. ಮಿಡ್ಲ್ ಸ್ಕೂಲೂ ಹೈಸ್ಕೂಲೂ ಒಂದೇ ಕಟ್ಟಡದಲ್ಲಿದ್ದವು. ನಮ್ಮ ಮನೆತನದವರೆಲ್ಲ ವ್ಯಾಪಾರದವರು. ನನ್ನ ಅಪ್ಪ ಬಟ್ಟೆ ಅಂಗಡಿಯಲ್ಲಿ ಕೂತರೆ ಅಪ್ಪನ ಅಣ್ಣನಾದ ಇವರು ಮಾತ್ರ ಚಾಕ್‌ಪೀಸ್ ಹಿಡಿದರು. ಕೆ.ಬಿ. ಬಡಾವಣೆಯಲ್ಲಿ ನಮ್ಮದೂ ಅವರದೂ ಒಂದೇ ಗೋಡೆಯ ಮನೆ. ಅವರಿಗೆ ಮಕ್ಕಳಿಲ್ಲವಾದ್ದರಿಂದ ನಾನು ಹಗಲೆಲ್ಲ ಆ ಮನೆಯಲ್ಲಿ, ಊಟಕ್ಕೆ ಮಾತ್ರ ನಮ್ಮ ಮನೆಯಲ್ಲಿ. ಕೆಲವೊಮ್ಮೆ ಊಟವೂ ಅಲ್ಲೇ. ಹಾಗಾಗಿ ದೊಡ್ಡಮ್ಮ ಮತ್ತು ದೊಡ್ಡಪ್ಪನ ಸಂಭಾಷಣೆಗಳಿಗೆ ನಾನು ಕಾಯಂ ಸಾಕ್ಷಿ.

“ನೋಡು, ಇನ್ನು ಇಪ್ಪತ್ತು ವರ್ಷಕ್ಕೆ ಒಲೆನೇ ಇರಾಂಗಿಲ್ಲ” ಎನ್ನುತ್ತಿದ್ದರು ದೊಡ್ಡಪ್ಪ, ಅಡಿಗೆಮನೆಯ ಬಾಗಿಲಲ್ಲಿ ನಿಂತು.

“ಆತು. ಈಗ ಇಪ್ಪತ್ತು ವರ್ಷದ ಆಮೇಲಿನ ಸಾರು ಮಾಡ್ಲೋ, ಇವತ್ತಿನ ಸಾರು ಮಾಡ್ಲೋ? ಇವತ್ತಿಂದಾದ್ರೆ ಸೌದೆ ಒಳಗ ತಂದು ಹಾಕ್ರಿ” ಎನ್ನುತ್ತಿದ್ದರು ದೊಡ್ಡಮ್ಮ.

ದೊಡ್ಡಪ್ಪ ಸೌದೆ ತಂದು ಹಾಕುತ್ತಿದ್ದರು.

ಮನೆಯಲ್ಲಿ ನಡೆಯದ್ದು ಶಾಲೆಯಲ್ಲಿ ನಡೆಯಬೇಕಲ್ಲ? ಶಾಲೆ ಎಂದರೆ ಮುಂದಿನ ಕಾಲಕ್ಕೆ ಮಕ್ಕಳನ್ನು ತಯಾರು ಮಾಡುವ ಜಾಗ, ಈಗಿನ ಕಾಲಕ್ಕೆ ಅವರು ಈಗಾಗಲೇ ತಯಾರಾಗಿದ್ದಾರೆ ಎಂಬುದು ಅವರ ವಾದ. ನಾನು ಎಂಟನೆಯ ಕ್ಲಾಸಿಗೆ ಬಂದ ವರ್ಷ ಟೆಲಿಫೋನ್ ಪೀರಿಯಡ್ ಶುರುವಾಯಿತು. ಇಡೀ ಊರಿನಲ್ಲಿ ಟೆಲಿಫೋನು ಇದ್ದದ್ದು ಕೆಲವು ದೊಡ್ಡ ವ್ಯಾಪಾರಿಗಳ ಗಾದಿಯ ಪಕ್ಕದಲ್ಲಿ, ಗಿರಣಿಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ. ಶಾಲೆಯಲ್ಲಿ ಇರಲಿಲ್ಲ. ಹಾಗಾದರೆ ಪಾಠ ಹೇಗೆ? ಬಡಗಿಯ ಕೈಯಲ್ಲಿ ಸಾಗುವಾನಿಯ ಎರಡು ಟೆಲಿಫೋನು ಮಾಡಿಸಿದರು. ತಂತಿಯ ಬದಲು ನೂಲಿನ ಹುರಿ. ಒಂದು ಟೆಲಿಫೋನು ಕ್ಲಾಸಿನ ಈ ಮೂಲೆಯಲ್ಲಿ, ಇನ್ನೊಂದು ಆ ಮೂಲೆಯಲ್ಲಿ. ಇಬ್ಬಿಬ್ಬರು ಎದ್ದು ಹೋಗಿ ಮರದ ತುಂಡು ಕಿವಿಗಿಟ್ಟುಕೊಂಡು ಸಭ್ಯವಾಗಿ ಮಾತಾಡಬೇಕು. ನಗಬಾರದು.

ಕೊಂಡಜ್ಜಿಯಿಂದ ಬರುತ್ತಿದ್ದ ಒಬ್ಬ ಹುಡುಗನ ಸರದಿ ಬಂತು. ಕೆರೆಯ ಆ ದಡದಿಂದ ಈ ದಡಕ್ಕೆ ದನ ಕರೆದು ಅಭ್ಯಾಸವಿದ್ದ ಗಂಟಲು. ಅವನು ಟೆಲಿಫೋನು ಎತ್ತಿ “ಯಾರ್ರೀ ಅದೂ” ಎಂದ ರಭಸಕ್ಕೆ ಪಕ್ಕದ ಕ್ಲಾಸಿನ ಮೇಷ್ಟ್ರು ಹೊರಗೆ ಬಂದು “ನಾನೇ, ಯಾಕಪ್ಪ?” ಎಂದರು.

ದೊಡ್ಡಪ್ಪ ಬೈಯಲಿಲ್ಲ. ಹತ್ತಿರ ಹೋಗಿ ಮೆಲ್ಲಗೆ ಹೇಳಿದರು: “ತಮ್ಮಾ, ಇಷ್ಟ್ ಜೋರಾಗಿ ಕೂಗೋದಾದ್ರೆ ತಂತಿ ಯಾಕ ಬೇಕು?”

“ತಂತಿ ಎಲ್ಲೈತೆ ಸಾರ್, ಹುರಿ ಐತೆ. ಹುರಿಗೆ ಜೋರು ಬೇಕಾಗ್ತತೆ” ಎಂದ ಹುಡುಗ.

ದೊಡ್ಡಪ್ಪ ಅರೆ ನಿಮಿಷ ಯೋಚಿಸಿ, “ಖರೆ ಐತಿ” ಎಂದು ಒಪ್ಪಿಕೊಂಡರು. ಇದು ಅವರ ಗುಣ. ಯಾರು ಹೇಳಿದರೂ ಸರಿಯೆನಿಸಿದರೆ ಒಪ್ಪಿಬಿಡುತ್ತಿದ್ದರು. ಮೇಷ್ಟ್ರಾದವರಿಗೆ ಇಂಥ ಗುಣ ಇದ್ದರೆ ಕ್ಲಾಸು ನಡೆಯುವುದು ಕಷ್ಟ, ಆದರೆ ನಮಗೆ ಬಲು ಖುಷಿ.

ಆಮೇಲೆ ಮೀಟರಿನ ಪ್ರಕರಣ. ಗಜ, ಇಂಚು, ಸೇರು ಎಲ್ಲ ಹೋಗಿ ಮೀಟರು, ಕಿಲೋ ಬರುತ್ತವೆಯೆಂದು ಸರ್ಕಾರ ಹೇಳತೊಡಗಿದ್ದ ಕಾಲ. ಬರುತ್ತವೆ ಎಂದರೆ ದೊಡ್ಡಪ್ಪನ ಪಾಲಿಗೆ ಬಂದಾಯಿತು ಎಂದೇ ಅರ್ಥ. ಬಜಾರಿನಲ್ಲಿ ಇನ್ನೂ ಒಬ್ಬನೂ ಮೀಟರು ಪಟ್ಟಿಯನ್ನು ಕಣ್ಣಿಂದ ಕಂಡಿರಲಿಲ್ಲ. ನಮ್ಮ ಶಾಲೆಯಲ್ಲಿ ಆಗಲೇ ‘ಇಂಚು’ ಎಂಬ ಶಬ್ದ ನಿಷೇಧವಾಗಿತ್ತು. ಅದೇ ಹೊತ್ತಿಗೆ ಸ್ಕೌಟ್ ಹುಡುಗರಿಗೆ ಕೊಂಡಜ್ಜಿಯಲ್ಲಿ ಶಿಬಿರ. ಇಪ್ಪತ್ತು ಖಾಕಿ ಚಡ್ಡಿ ಹೊಲಿಸಬೇಕು. ದೊಡ್ಡಪ್ಪ ತಾವೇ ಹುಡುಗರ ಅಳತೆ ತೆಗೆದು, ಚೀಟಿಯಲ್ಲಿ ನಲವತ್ತು, ನಲವತ್ತೆರಡು, ಮೂವತ್ತೊಂಬತ್ತು ಎಂದು ಚೊಕ್ಕವಾಗಿ ಬರೆದು, ಬಜಾರಿನ ಟೇಲರ್ ಸಾಬರಿಗೆ ಕಳಿಸಿದರು. ಬರೆದದ್ದು ಸೆಂಟಿಮೀಟರಿನಲ್ಲಿ. ಸೆಂಟಿಮೀಟರು ಎಂದು ಬರೆಯಲಿಲ್ಲ. ಬೇರೆ ಅಳತೆಯೇ ಇಲ್ಲದ ಮೇಲೆ ಯಾಕೆ ಬರೆಯಬೇಕು?

ಶಿಬಿರದ ಹಿಂದಿನ ದಿನ ಗಂಟು ಬಿಚ್ಚಿದರೆ, ಇಪ್ಪತ್ತೂ ಚಡ್ಡಿಗಳು ಹುಡುಗರ ಎದೆಯಿಂದ ಶುರುವಾಗಿ ಅಂಗಾಲಿನ ಕೆಳಗೆ ಮುಗಿಯುತ್ತಿದ್ದವು.

ಸಾಬರನ್ನು ಕರೆಸಿದರು. ಅವರು ಮೂರು ತಲೆಮಾರಿನ ದರ್ಜಿ, ಒಂದು ದಿನವೂ ಅಳತೆ ತಪ್ಪಿದವರಲ್ಲ.

“ಸಾಬ್ರೇ, ಇಷ್ಟುದ್ದ ಚಡ್ಡಿ ಎಲ್ಲಾದ್ರೂ ನೋಡೀರೇನ್ರಿ?”

“ಇಲ್ಲ ಸಾರ್. ನನಗೂ ಶಕ್ ಬಂತು” ಎಂದರು ಸಾಬರು ವಿನಯದಿಂದ. “ಆದ್ರೆ ತಾವು ಯಾವಾಗ್ಲೂ ಮುಂದಿನ ಕಾಲ, ಮುಂದಿನ ಕಾಲ ಅಂತೀರಲ್ಲ. ಹುಡುಗ್ರು ಬೆಳೆದ ಮ್ಯಾಲೆ ಹಾಕ್ಕಳಾಕೆ ಹೇಳೀರಿ ಅಂದ್ಕಂಡೆ.”

ದೊಡ್ಡಪ್ಪನಿಗೆ ಇದೂ ಸರಿಯೆನಿಸಿತು. ಸಾಬರು ಶಾಲೆಯ ವರಾಂಡದಲ್ಲೇ ಮಶೀನು ಹಾಕಿಕೊಂಡು ಸಂಜೆಯೊಳಗೆ ಎಲ್ಲವನ್ನೂ ಕತ್ತರಿಸಿ ಸರಿ ಮಾಡಿದರು. ಕತ್ತರಿಸಿದ ಬಟ್ಟೆಯಲ್ಲಿ ಪ್ರತಿ ಕ್ಲಾಸಿಗೂ ಎರಡೆರಡು ಬೋರ್ಡು ಒರೆಸುವ ಬಟ್ಟೆ ಆದವು. ದೊಡ್ಡಪ್ಪ ಅದನ್ನು ನಷ್ಟ ಎಂದು ಎಣಿಸಲೇ ಇಲ್ಲ.

ಇಂಥವರಿಗೆ ಒಂದು ದಿನ ಸರ್ಕಾರಿ ಲಕೋಟೆಯಲ್ಲಿ ಕಾಗದ ಬಂತು. ಜಿಲ್ಲೆಯ ಹೆಡ್‌ಮಾಸ್ತರರ ಸಭೆ, ಹರಿಹರದಲ್ಲಿ. ಚರ್ಚೆಯ ವಿಷಯ: ‘ಮುಂಬರುವ ಕಾಲಕ್ಕೆ ಶಾಲೆಗಳ ಸಿದ್ಧತೆ’. ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯ ಹೇಳಬೇಕು, ತಲಾ ಐದು ನಿಮಿಷ.

ಇಡೀ ಸರ್ಕಾರ ಕೊನೆಗೂ ತಮ್ಮ ಮಾತಿಗೆ ಬಂತು ಎಂಬ ಸಂತೋಷ ದೊಡ್ಡಪ್ಪನಿಗೆ. ಎರಡು ವಾರ ಕೂತು ನಲವತ್ತು ಪುಟದ ಭಾಷಣ ಬರೆದರು. ಐದು ನಿಮಿಷಕ್ಕೆ ನಲವತ್ತು ಪುಟವೇ ಎಂದು ನಾನು ಕೇಳಿದರೆ, “ವೇಗವಾಗಿ ಓದ್ತೀನಿ ತಂಗಿ” ಎಂದರು.

ಅವರೊಬ್ಬರನ್ನೇ ಕಳಿಸಲು ದೊಡ್ಡಮ್ಮನಿಗೆ ಧೈರ್ಯವಿರಲಿಲ್ಲ. ಹಿಂದೊಮ್ಮೆ ಹರಿಹರಕ್ಕೆಂದು ರೈಲು ಹತ್ತಿ, ಯೋಚನೆಯಲ್ಲಿ ಮುಳುಗಿ, ರಾಣೆಬೆನ್ನೂರಿನಲ್ಲಿ ಇಳಿದಿದ್ದರು. “ನೀನೂ ಹೋಗವ್ವ. ಸ್ಟೇಷನ್ ಬಂದಾಗ ತೋಳು ಹಿಡಿದು ಇಳಿಸು” ಎಂದು ನನ್ನನ್ನು ಜೊತೆ ಮಾಡಿದರು. ಹದಿನಾಲ್ಕು ವರ್ಷದ ನಾನು ಐವತ್ತೆರಡು ವರ್ಷದ ಹೆಡ್‌ಮಾಸ್ತರರಿಗೆ ಮೇಲ್ವಿಚಾರಕಿಯಾಗಿ ಹೊರಟೆ.

ಹರಿಹರದಲ್ಲಿ ಇಳಿಸಿದೆ. ಸಭೆ ಒಂದು ಶಾಲೆಯ ಹಾಲಿನಲ್ಲಿತ್ತು. ಜನ ಕೇಳಲಿ ಎಂದು ಹೊರಗೆ ಬೇವಿನ ಮರಕ್ಕೂ ಒಂದು ಲೌಡ್‌ಸ್ಪೀಕರ್ ಕಟ್ಟಿದ್ದರು. ಇನ್‌ಸ್ಪೆಕ್ಟರ್ ಸಾಹೇಬರು ಅಧ್ಯಕ್ಷರು. ನಾನು ಹಿಂದಿನ ಬೆಂಚಿನ ತುದಿಯಲ್ಲಿ ದೊಡ್ಡಪ್ಪನ ಛತ್ರಿ ಹಿಡಿದು ಕೂತೆ.

ಹೆಡ್‌ಮಾಸ್ತರುಗಳು ಒಬ್ಬೊಬ್ಬರಾಗಿ ಭವಿಷ್ಯ ಹೇಳಿದರು. ಮೊದಲನೆಯವರು ಮುಂದಿನ ಕಾಲಕ್ಕೆ ಶಾಲೆಗೆ ಮುಖ್ಯವಾಗಿ ಬೇಕಾದದ್ದು ಕಾಂಪೌಂಡು ಗೋಡೆ ಎಂದರು. ಅವರ ಶಾಲೆಗೆ ಹುಡುಗರಿಗಿಂತ ಎಮ್ಮೆಗಳು ಮೊದಲು ಬರುತ್ತಿದ್ದವಂತೆ. ಎರಡನೆಯವರು ಇಂಗ್ಲಿಷೊಂದೇ ದಾರಿ ಎಂದು ಅಚ್ಚ ಕನ್ನಡದಲ್ಲಿ ವಾದಿಸಿದರು. ಮೂರನೆಯವರು ಶಿಸ್ತು ಎಂದರು, ಮೇಜು ಗುದ್ದಿದರು, ನೀರಿನ ಲೋಟ ಬಿತ್ತು. ನಾಲ್ಕನೆಯವರು ಬಹಳ ವಯಸ್ಸಾದವರು. ಎದ್ದು ನಿಂತು, “ಆ ಕಾಲ ಬರೋದ್ರೊಳಗೆ ನಾನು ರಿಟೈರ್ ಆಗಿರ್ತೀನಿ. ಬಂದವರು ನೋಡ್ಕಳ್ಳಿ” ಎಂದು ಕೂತರು. ಅವತ್ತಿನ ಅತಿ ಹೆಚ್ಚು ಚಪ್ಪಾಳೆ ಅವರಿಗೇ ಬಿತ್ತು.

ಆಮೇಲೆ ದೊಡ್ಡಪ್ಪನ ಸರದಿ. ನಲವತ್ತು ಪುಟ ಮೇಜಿನ ಮೇಲಿಟ್ಟು, ಕನ್ನಡಕ ಏರಿಸಿ, “ಮಾನ್ಯ ಅಧ್ಯಕ್ಷರೇ, ಇನ್ನು ಇಪ್ಪತ್ತು ವರ್ಷಕ್ಕೆ” ಎಂದರು. ಮೈಕು ಕುಂಯ್ ಎಂದು ಕೂಗಿ ಸತ್ತುಹೋಯಿತು.

ಯಾರೋ ಓಡಿ ಹೋಗಿ ಸೇತುವೆಯ ಕಡೆಯ ಶೆಡ್ಡಿನಿಂದ ಒಬ್ಬ ಮೆಕ್ಯಾನಿಕ್ಕನ್ನು ಕರೆತಂದರು. ಪಂಪಿನ ಎಂಜಿನ್ನಿನಿಂದ ಹಿಡಿದು ರೇಡಿಯೋವರೆಗೆ ಎಲ್ಲವನ್ನೂ ರಿಪೇರಿ ಮಾಡುವವನಂತೆ. ಮೂವತ್ತರ ಆಸುಪಾಸಿನ ವಯಸ್ಸು, ಎಣ್ಣೆ ಕಲೆಯ ಅಂಗಿ. ಯಾರ ಮುಖವನ್ನೂ ನೋಡದೆ ನೇರ ಬಂದು ನೆಲದ ಮೇಲೆ ಮಂಡಿಯೂರಿ ಕೂತ. ಕರವಸ್ತ್ರ ಹಾಸಿದ. ಮೈಕಿನ ಪೆಟ್ಟಿಗೆಯ ಒಂದೊಂದೇ ಸ್ಕ್ರೂ ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ಕರವಸ್ತ್ರದ ಮೇಲೆ ಸಾಲಾಗಿ ಜೋಡಿಸತೊಡಗಿದ.

ಹೆಡ್‌ಮಾಸ್ತರುಗಳು ತಮ್ಮ ತಮ್ಮಲ್ಲಿ ಹರಟತೊಡಗಿದರು. ನಾನು ದೊಡ್ಡಪ್ಪನನ್ನು ನೋಡಿದೆ. ಅವರು ಆ ಸ್ಕ್ರೂಗಳ ಸಾಲನ್ನೇ ನೋಡುತ್ತಿದ್ದರು. ಮುಖ ಬಿಳಿಚಿಕೊಂಡಿತ್ತು. ಮೈ ಸರಿಯಿಲ್ಲವೇನೋ ಎಂದು ನಾನು ನೀರು ತೆಗೆದುಕೊಂಡು ಹೋದೆ. ಅವರು ಕುಡಿಯಲಿಲ್ಲ.

ಮೆಕ್ಯಾನಿಕ್ ಹತ್ತು ನಿಮಿಷದಲ್ಲಿ ಎಲ್ಲ ಜೋಡಿಸಿ, ಮೈಕನ್ನು ಬೆರಳಿಂದ ಎರಡು ಸಲ ತಟ್ಟಿ, ತಲೆ ಬಗ್ಗಿಸಿಕೊಂಡೇ ಹೊರಗೆ ಹೋದ. ದೊಡ್ಡಪ್ಪ ನಲವತ್ತು ಪುಟಗಳನ್ನು ಎತ್ತಿ, ಮಡಚಿ, ಕೋಟಿನ ಜೇಬಿಗೆ ತುರುಕಿದರು. ಆಮೇಲೆ ಮಾತಾಡಿದರು. ಭಾಷಣದ ಕನ್ನಡದಲ್ಲಿ ಅಲ್ಲ, ಮನೆಯಲ್ಲಿ ಆಡುವ ಮಾತಿನಲ್ಲಿ.

“ಹದಿನೈದು ವರ್ಷದ ಹಿಂದಿನ ಮಾತು. ನಮ್ಮ ಸಾಲ್ಯಾಗೆ ಒಂದು ಗ್ವಾಡೆ ಗಡಿಯಾರ ಇತ್ತು. ದಿನಾ ಹತ್ತು ನಿಮಿಷ ಹಿಂದೆ ಬೀಳ್ತಿತ್ತು. ಒಂದಿನ ನೋಡ್ತೀನಿ, ಏಳನೇ ಕ್ಲಾಸಿನ ಹುಡುಗ ಒಬ್ಬ ಅದನ್ನ ಇಳಿಸಿ, ತನ್ನ ಟೊಪ್ಪಿಗಿ ಮ್ಯಾಲೆ ಅದರ ಹಲ್ಲು, ಚಕ್ರ ಎಲ್ಲ ಸಾಲಾಗಿ ಇಟ್ಕಂಡು ಕುಂತಾನ. ನಾನು ಬೆತ್ತ ತಗಂಡೆ. ಒಂದೂ ಕಳದಿಲ್ಲ ಸಾರ್, ಈಗ ಜೋಡಿಸ್ತೀನಿ ಸಾರ್ ಅಂತಿದ್ದ. ಹೊಡೀತಾ ಇದ್ದೆ, ಅವನು ಜೋಡಿಸ್ತಾ ಇದ್ದ. ಪೂರಾ ಜೋಡಿಸಿ ಗ್ವಾಡೆಗೆ ಹಾಕಿದ ಮ್ಯಾಲೆ, ನಾಳಿಂದ ಸಾಲಿಗೆ ಬರಬ್ಯಾಡ ಅಂದೆ. ಬರಲಿಲ್ಲ.”

ಹಾಲಿನಲ್ಲಿ ಹರಟೆ ನಿಂತಿತ್ತು.

“ಒಂದು ವಾರ ಆದ ಮ್ಯಾಲೆ ಗಮನಿಸಿದೆ. ಗಡಿಯಾರ ಸರಿಯಾಗಿ ನಡೀತಿತ್ತು. ಒಂದು ನಿಮಿಷನೂ ಹಿಂದಿಲ್ಲ. ಜವಾನನ್ನ ಅವನ ಮನೆಗೆ ಕಳಿಸಿದೆ; ಊರು ಬಿಟ್ಟು ಹೋಗ್ಯಾರ ಅಂದ. ನಾನೇ ಹುಡುಕ್ಕಂಡು ಹೋಗಬೇಕಿತ್ತು. ಹೋಗಲಿಲ್ಲ. ಮುಖ ಇರಲಿಲ್ಲ.” ಅವರು ಕನ್ನಡಕ ತೆಗೆದರು. “ಮುಂದಿನ ಕಾಲಕ್ಕೆ ಸಾಲಿ ಹೆಂಗೆ ತಯಾರಾಗಬೇಕು ಅಂತ ಕೇಳೀರಿ. ಮುಂದಿನ ಕಾಲ ನನ್ನ ಸಾಲಿಗೆ ಒಂದ್ಸಲ ಬಂದಿತ್ತು, ಸಾಹೇಬ್ರೆ. ಹನ್ನೆರಡು ವರ್ಷದ್ದಿತ್ತು. ನನಗೆ ಗುರುತು ಹತ್ತಲಿಲ್ಲ. ಅವತ್ತಿನಿಂದ ಇಲ್ಲಿತನ, ಇನ್ನೊಂದು ಸಲ ತಪ್ಪಬಾರದು ಅಂತ, ಬಂದಿದ್ದು ಬರದಿದ್ದು ಎಲ್ಲದಕ್ಕೂ ಬಾಗಿಲು ತಗೀತಾ ಇದೀನಿ. ಜನ ನಗ್ತಾರ. ನಗ್ಲಿ.”

ಕೂತುಬಿಟ್ಟರು. ಐದು ನಿಮಿಷ ಆಗಿರಲಿಲ್ಲ. ಇನ್‌ಸ್ಪೆಕ್ಟರ್ ಸಾಹೇಬರು ಮುಂದಿನವರ ಹೆಸರು ಕರೆದರು.

ನನಗೆ ಅಲ್ಲಿಯವರೆಗೆ ದೊಡ್ಡಪ್ಪ ಎಂದರೆ ಒಂದು ತಮಾಷೆ. ಮರದ ಟೆಲಿಫೋನಿಗೆ, ಉದ್ದ ಚಡ್ಡಿಗೆ ಊರಿನವರ ಜೊತೆ ಸೇರಿ ನಾನೂ ನಕ್ಕಿದ್ದೆ. ಅವರ ಛತ್ರಿ ಹಿಡಿದು ಕೂತಿದ್ದ ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಸಭೆ ಮುಗಿಸಿ ಹೊರಬಂದರೆ ಬೇವಿನ ಮರದ ಕೆಳಗೆ ಆ ಮೆಕ್ಯಾನಿಕ್ ಸಾಮಾನಿನ ಚೀಲ ಹಿಡಿದು ನಿಂತಿದ್ದ. ಮೇಲೆ ಲೌಡ್‌ಸ್ಪೀಕರ್ ಇತ್ತು. ಎಲ್ಲವನ್ನೂ ಕೇಳಿಸಿಕೊಂಡಿದ್ದ.



“ಕರಿಬಸಪ್ಪ ಅಲ್ಲೇನು?” ಎಂದರು ದೊಡ್ಡಪ್ಪ.

“ಹೌದು ಸಾರ್.” ಅವನು ಬಗ್ಗಿ ಕಾಲು ಮುಟ್ಟಲು ಹೋದ. ದೊಡ್ಡಪ್ಪ ಅವನ ಎರಡೂ ಕೈ ಹಿಡಿದುಕೊಂಡರು. ಅವನ ಕೈಯ ಎಣ್ಣೆ ಅವರ ಕೋಟಿನ ತೋಳಿಗೂ ಹತ್ತಿತು.

“ಗಡಿಯಾರ ಹೆಂಗೈತೆ ಸಾರ್?”

“ಚೆನ್ನಾಗೈತೆ. ನೀನು ಮುಟ್ಟಿದ ಮ್ಯಾಲೆ ಯಾರೂ ಮುಟ್ಟಿಲ್ಲ.” ಆಮೇಲೆ ಒಂದು ಉಸಿರಿನಲ್ಲಿ ಕೇಳಿದರು: “ಶನಿವಾರ ಮಧ್ಯಾಹ್ನ ಸಾಲಿಗೆ ಬರ್ತೀಯೇನಪ್ಪ? ನಮ್ಮ ಹುಡುಗ್ರಿಗೆ ಎಂಜಿನ್ ಬಿಚ್ಚೋದು, ಜೋಡ್ಸೋದು ಹೇಳಿಕೊಡಬೇಕು.”

ಕರಿಬಸಪ್ಪ ಗಾಬರಿಯಾದ. “ನಾನು ಏಳನೇ ಕ್ಲಾಸೂ ಪಾಸಾಗಿಲ್ಲಲ್ಲ ಸಾರ್.”

“ಅದು ನನ್ನ ತಪ್ಪು, ನಿಂದಲ್ಲ” ಎಂದರು ದೊಡ್ಡಪ್ಪ.

ಆದರೆ ಶಾಲೆ ದೊಡ್ಡಪ್ಪನದಲ್ಲವಲ್ಲ. ಆಡಳಿತ ಮಂಡಳಿಯ ಅಧ್ಯಕ್ಷರು ಊರಿನ ದೊಡ್ಡ ವ್ಯಾಪಾರಿ. ಒಳ್ಳೆಯವರೇ, ಆದರೆ ಕಾಯ್ದೆಯ ಮನುಷ್ಯ. ದೊಡ್ಡಪ್ಪ ಅವರ ಅಂಗಡಿಗೆ ಹೊರಟಾಗ ಜೇಬಿನಲ್ಲಿ ರಾಜೀನಾಮೆ ಪತ್ರ ಇತ್ತು. ಒಪ್ಪದಿದ್ದರೆ ಕೊಟ್ಟೇಬರುತ್ತೇನೆ ಎಂದಿದ್ದರು. ದೊಡ್ಡಮ್ಮ ಮೊದಲ ಸಲ ಏನೂ ತಮಾಷೆ ಮಾಡಲಿಲ್ಲ. “ಹೋಗಿ ಬರ್ರಿ” ಎಂದಷ್ಟೇ ಹೇಳಿ, ನನ್ನನ್ನೂ ಹಿಂದೆ ಕಳಿಸಿದರು.

“ಹೆಡ್‌ಮಾಸ್ತರೇ, ಕೂಡ್ರಿ” ಎಂದರು ಅಧ್ಯಕ್ಷರು. ವಿಷಯ ಕೇಳಿ ತಲೆ ಅಲ್ಲಾಡಿಸಿದರು. “ಅವನ ಹತ್ರ ಸರ್ಟಿಫಿಕೇಟ್ ಇಲ್ಲ. ಸಾಲಿ ಬಿಟ್ಟವನ ಕೈಯಾಗೆ ಹುಡುಗ್ರಿಗೆ ಪಾಠ ಹೇಳಿಸಿದ್ರೆ ಊರವರು ಏನಂತಾರೆ? ಕಾಯ್ದೆ ಒಪ್ಪಾಂಗಿಲ್ಲ.”

“ಹುಡುಗ್ರಿಗೆ ಬ್ಯಾಡ, ನನಗೆ ಹೇಳಿಕೊಡ್ಲಿ. ನಾನು ಕಲೀತೀನಿ. ಹುಡುಗ್ರು ಜೊತಿಗೆ ಕುಂತು ನೋಡ್ಲಿ. ಹೆಡ್‌ಮಾಸ್ತರು ಕಲೀಬಾರದು ಅಂತ ಕಾಯ್ದೆ ಐತೇನ್ರಿ?”

ಅಧ್ಯಕ್ಷರು ಯೋಚನೆಗೆ ಬಿದ್ದರು. ಅವರು ಯೋಚಿಸಿದ್ದು ಕೊಂಚ ಹೆಚ್ಚಾಯಿತು. ದೊಡ್ಡಪ್ಪ ತಾಳ್ಮೆಗೆಟ್ಟು ಪತ್ರ ತೆಗೆದು ಗಾದಿಯ ಮೇಲಿಟ್ಟೇಬಿಟ್ಟರು. ನನಗೆ ಅಳು ಬಂತು. ಅಧ್ಯಕ್ಷರು ಕನ್ನಡಕ ಹಾಕಿಕೊಂಡು, ಮೇಲಿಂದ ಕೆಳಗೆ ನಿಧಾನವಾಗಿ ಓದಿದರು. ಮತ್ತೊಮ್ಮೆ ಓದಿದರು. ಅವರ ಮೀಸೆ ಅಲ್ಲಾಡತೊಡಗಿತು.

“ಹೆಡ್‌ಮಾಸ್ತರೇ, ಇದರ ಮ್ಯಾಲೆ ಬರೋ ವರ್ಷದ ತಾರೀಖು ಹಾಕೀರಿ.”

ದೊಡ್ಡಪ್ಪ ಬಗ್ಗಿ ನೋಡಿದರು. ಹೌದು. ಹಾಕಿದ್ದರು.

“ಹಂಗಾದ್ರೆ ಬರೋ ವರ್ಷ ನೋಡಾಣ ಬಿಡ್ರಿ” ಎಂದು ಅಧ್ಯಕ್ಷರು ಪತ್ರ ಮಡಚಿ ವಾಪಸು ಕೊಟ್ಟರು. “ಅಲ್ಲಿತನ ಶನಿವಾರ ನೀವು ಕಲೀರಿ.”

ಮೊದಲ ಶನಿವಾರ ಕರಿಬಸಪ್ಪ ಹರಿಹರದಿಂದ ಒಂದು ಹಳೆಯ ಆಯಿಲ್ ಎಂಜಿನ್ನನ್ನು ಲಾರಿಯಲ್ಲಿ ಹಾಕಿಕೊಂಡು ಬಂದ. ಒಗೆದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಕೈ ಎಷ್ಟು ತಿಕ್ಕಿದ್ದನೋ, ಉಗುರಿನ ಸುತ್ತ ಕೆಂಪಾಗಿತ್ತು. ಶಾಲೆಯ ಗೇಟಿನ ಒಳಗೆ ಕಾಲಿಡಲು ತುಸು ಹೊತ್ತು ಹಿಡಿಯಿತು ಅವನಿಗೆ. ಡ್ರಾಯಿಂಗ್ ಹಾಲಿನಲ್ಲಿ ಬೆಂಚು ಸರಿಸಿ ನಾವೆಲ್ಲ ನೆಲದ ಮೇಲೆ ಕೂತಿದ್ದೆವು, ಹುಡುಗರು ಒಂದು ಕಡೆ, ನಾವು ಆರು ಹುಡುಗಿಯರು ಇನ್ನೊಂದು ಕಡೆ. ಹುಡುಗರ ಮೊದಲ ಸಾಲಿನ ಕೊನೆಯಲ್ಲಿ ದೊಡ್ಡಪ್ಪ, ಕೋಟು ಬಿಚ್ಚಿಟ್ಟು, ಚಕ್ಕಳಮಕ್ಕಳ ಹಾಕಿಕೊಂಡು, ತೊಡೆಯ ಮೇಲೆ ಹೊಸ ನೋಟ್‌ಬುಕ್ ಇಟ್ಟುಕೊಂಡು.

ಯಾರೋ ಒಬ್ಬ ಕಿಸಕ್ಕೆಂದ. ಯಾರೂ ಜೊತೆಗೂಡಲಿಲ್ಲ.

“ಹಾಜರಿ ತಗಳ್ರಿ” ಎಂದರು ದೊಡ್ಡಪ್ಪ.

ಕರಿಬಸಪ್ಪ ಮೇಜಿನ ಮೇಲಿದ್ದ ಹಾಜರಿ ಪುಸ್ತಕ ಎತ್ತಿಕೊಂಡ. ಅಕ್ಷರ ಕೂಡಿಸಿ ಕೂಡಿಸಿ ಒಂದೊಂದೇ ಹೆಸರು ಓದಿದ. ಹೆಸರು ತಪ್ಪಿದರೂ ನಾವು ತಿದ್ದಲಿಲ್ಲ. ಎದ್ದು ನಿಂತು ಉತ್ತರ ಕೊಟ್ಟು ಕೂತೆವು. ಮೂವತ್ತೊಂದು ಹೆಸರು ಮುಗಿದವು. ಮೂವತ್ತೆರಡನೆಯದಕ್ಕೆ ಬಂದು ಅವನು ಓದುವುದನ್ನು ನಿಲ್ಲಿಸಿದ. ಪುಟವನ್ನೇ ನೋಡಿದ. ಆಮೇಲೆ ಪುಸ್ತಕ ಮುಚ್ಚಿದ.

“ಮೇಷ್ಟ್ರೇ, ಒಂದು ಹೆಸರು ಬಿಟ್ರಿ” ಎಂದರು ದೊಡ್ಡಪ್ಪ ನೆಲದಿಂದ.

“ಬಾಯಿ ಬರವಲ್ದು ಸಾರ್.”

“ಬರ್ತೈತೆ. ಕಾಯ್ತೀನಿ.”

ಹೊರಗೆ ರಸ್ತೆಯಲ್ಲಿ ಹತ್ತಿಯ ಗಾಡಿಗಳು ಹೋಗುತ್ತಿದ್ದವು. ಕರಿಬಸಪ್ಪ ಪುಸ್ತಕ ಮತ್ತೆ ತೆರೆದ. ಆ ಹೆಸರನ್ನು ಓದಿದ, ಮುಂದೆ ಕೂತಿದ್ದವರಿಗಷ್ಟೇ ಕೇಳುವಷ್ಟು ಮೆಲ್ಲಗೆ.

ದೊಡ್ಡಪ್ಪ ಮೊಣಕಾಲಿಗೆ ಕೈ ಊರಿ ಎದ್ದರು. ನಾವು ನಿಂತ ಹಾಗೆಯೇ ಕೈಕಟ್ಟಿ ನಿಂತರು.

“ಹಾಜರ್, ಸಾರ್” ಎಂದರು.